ಓದುಗರ ಪ್ರಶ್ನೆಗೆ ಉತ್ತರ: ಸುಟ್ಟ ಗುಡ್ಡದಲ್ಲಿ ಚಿಗುರುವುದು ಯಾರ ಬೇರು?

ಬೇಸಿಗೆ ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಾವಿನ ಹೀಚು ಉದುರುವುದರ ಬಗ್ಗೆ, ತೆಂಗಿಗೆ ನುಸಿ ಹತ್ತಿರುವುದರ ಬಗ್ಗೆ ಪ್ರಶ್ನೆಗಳೇ ಹೆಚ್ಚು. ಈ ಸಲ ಬಂದ ನಾಲ್ಕು ಪತ್ರಗಳು ಬೇರೆ ಬೇರೆ ಊರಿನವಾದರೂ ನಾಲ್ಕೂ ನೆಲದ ಕೆಳಗಿನ ಸಂಗತಿಯನ್ನೇ ಕೇಳುತ್ತಿರುವುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮೂರಿನಿಂದ ಕಪ್ಪತಗುಡ್ಡ ಕಾಣಿಸುತ್ತದೆ. ಶಿವರಾತ್ರಿ ಕಳೆದ ಮೇಲೆ ಗುಡ್ಡದ ಯಾವುದಾದರೊಂದು ಮಗ್ಗುಲಿಗೆ ಬೆಂಕಿ ಬೀಳುವುದನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಸುಟ್ಟು ಕರ್ರಗಾದ ಆ ನೆಲದಲ್ಲಿ ತಿಂಗಳೊಪ್ಪತ್ತಿನೊಳಗೆ, ಇನ್ನೂ ಒಂದು ಹನಿ ಮಳೆ ಬೀಳುವ ಮೊದಲೇ, ಅಲ್ಲಲ್ಲಿ ಚಿಗುರು ಕಾಣಿಸಿಕೊಳ್ಳುತ್ತದೆ. ಸುಟ್ಟ ಗಿಡಕ್ಕೆ ನೀರಿಲ್ಲದ ನೆಲದಲ್ಲಿ ಈ ಶಕ್ತಿ ಎಲ್ಲಿಂದ ಬರುತ್ತದೆ? ಮಕ್ಕಳು ಕೇಳಿದರೆ ಏನು ಹೇಳಲಿ?
(ಪ್ರೌಢಶಾಲೆಯ ಶಿಕ್ಷಕಿ, ಡಂಬಳ)

ಉತ್ತರ: ಮಕ್ಕಳಿಗೆ ಮೊದಲು ಹೇಳಬೇಕಾದದ್ದು, ಆ ಚಿಗುರು ಈ ವರ್ಷ ಹುಟ್ಟಿದ ಸಸಿಯದಲ್ಲ ಎಂಬುದನ್ನು. ಎಷ್ಟೋ ವರ್ಷಗಳಿಂದ ಅಲ್ಲಿಯೇ ಇರುವ, ಎಷ್ಟೋ ಸಲ ಸುಟ್ಟು ಮತ್ತೆ ಎದ್ದಿರುವ ಹಳೆಯ ಬೇರಿನ ಚಿಗುರು ಅದು. ಹುಲ್ಲಿನ ಬೆಂಕಿ ದೂರದಿಂದ ನೋಡಲು ಭಯಂಕರವಾಗಿದ್ದರೂ ಅದರ ಆಯುಷ್ಯ ಕಡಿಮೆ. ಒಣಗಿದ ಹುಲ್ಲು ತೆಳುವಾದ ಉರುವಲು. ಹೀಗಾಗಿ ಜ್ವಾಲೆಯ ಬಿಸಿ ನೂರಾರು ಡಿಗ್ರಿಗೆ ಏರುತ್ತದೆಯಾದರೂ ಒಂದೇ ಜಾಗದಲ್ಲಿ ಅದು ನಿಲ್ಲುವುದು ಕೆಲವು ನಿಮಿಷ, ಗಾಳಿ ಜೋರಾಗಿದ್ದರೆ ಅಷ್ಟೂ ಇಲ್ಲ. ಮಣ್ಣೋ ಶಾಖವನ್ನು ಬಹಳ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುವ ವಸ್ತು. ಮೇಲೆ ಹುಲ್ಲು ಬೂದಿಯಾಗುತ್ತಿರುವಾಗ ನಾಲ್ಕು ಬೆರಳಿನಷ್ಟು ಕೆಳಗಿನ ಮಣ್ಣು ಕೆಲವೇ ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬಿದ್ದ ಮರದ ದಿಮ್ಮಿ ಗಂಟೆಗಟ್ಟಲೆ ಕೆಂಡವಾಗಿ ಉರಿದ ಜಾಗದ ಲೆಕ್ಕ ಮಾತ್ರ ಬೇರೆ; ಅಲ್ಲಿ ಬೇರೂ ಬೇಯುತ್ತದೆ, ಮಣ್ಣಿನಲ್ಲಿದ್ದ ಬೀಜವೂ ಬೇಯುತ್ತದೆ.

ಕೆಲವು ವರ್ಷಗಳ ಹಿಂದೆ ಗುಡ್ಡದ ಬುಡದ ಒಂದು ಕೊರಕಲಿನಲ್ಲಿ ಮಳೆನೀರು ದಂಡೆಯನ್ನು ಕಡಿದು ಹಾಕಿದ್ದನ್ನು ನೋಡಿದ್ದೆ. ದಂಡೆಯ ಮೇಲೆ ಗೇಣುದ್ದದ, ನಾಲ್ಕಾರು ಎಲೆಯ ಒಂದು ಮುತ್ತಲ ಸಸಿ ನಿಂತಿತ್ತು. ಹೋದ ಮಳೆಗಾಲದಲ್ಲಿ ಹುಟ್ಟಿದ್ದೆಂದು ಯಾರಾದರೂ ಹೇಳಬಹುದಾಗಿತ್ತು. ಕಡಿದ ದಂಡೆಯಲ್ಲಿ ಹೊರಬಿದ್ದಿದ್ದ ಅದರ ಬೇರು ಮಾತ್ರ ನನ್ನ ಮುಂಗೈಯಷ್ಟು ದಪ್ಪವಾಗಿ, ದೊಡ್ಡದೊಂದು ಗಜ್ಜರಿಯಂತೆ ಕೆಳಗಿಳಿಯುತ್ತ, ಎದೆಯೆತ್ತರದ ಮಣ್ಣನ್ನು ದಾಟಿಯೂ ಸಣ್ಣದಾಗದೆ ಕಲ್ಲುಗಳ ಸಂದಿಯಲ್ಲಿ ಮರೆಯಾಗಿತ್ತು. ಬೇರಿನ ನೆತ್ತಿ ಒಂದು ಗಂಟಿನಂತಿತ್ತು. ಅದರ ಸುತ್ತ, ಒಂದರ ಪಕ್ಕ ಒಂದರಂತೆ, ಬೆರಳಿನ ಗೆಣ್ಣಿನಷ್ಟು ಉದ್ದದ ಏಳೆಂಟು ಒಣ ಮೊಂಡುಗಳಿದ್ದವು. ಕೆಲವುಗಳ ತುದಿ ಇನ್ನೂ ಇದ್ದಿಲಾಗಿಯೇ ಇತ್ತು. ಒಂದೊಂದು ಮೊಂಡೂ ಒಂದೊಂದು ಬೇಸಿಗೆಯಲ್ಲಿ ಸುಟ್ಟುಹೋದ ಕಾಂಡದ ಗುರುತು. ಆ ಗಂಟಿನೊಳಗೆ ಮಲಗಿರುವ ಮೊಗ್ಗುಗಳು ನೆಲದ ಮಟ್ಟಕ್ಕಿಂತ ತುಸು ಕೆಳಗೇ ಇರುವುದರಿಂದ ಬೆಂಕಿ ಅವುಗಳನ್ನು ಮುಟ್ಟುವುದಿಲ್ಲ. ಮೇಲಿನ ಕಾಂಡ ಸತ್ತ ಮೇಲೆ ಅವು ಎಚ್ಚರಗೊಳ್ಳುತ್ತವೆ.

ಇನ್ನು ಶಕ್ತಿಯ ಪ್ರಶ್ನೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಎಲೆ ತಯಾರಿಸಿದ ಸಕ್ಕರೆಯನ್ನು ಇಂಥ ಗಿಡ ಎತ್ತರವಾಗಲು ಖರ್ಚು ಮಾಡದೆ, ಪಿಷ್ಟವಾಗಿ ಮಾರ್ಪಡಿಸಿ ಬೇರಿಗೆ ಇಳಿಸುತ್ತದೆ. ಸುಟ್ಟ ನಂತರ ಮೊದಲ ಚಿಗುರಿಗೆ ಬೇಕಾದ ಆಹಾರವೆಲ್ಲ ಆ ಹಗೇವಿನಿಂದಲೇ ಬರಬೇಕು, ಏಕೆಂದರೆ ಆಹಾರ ತಯಾರಿಸಲು ಆಗ ಎಲೆಯೇ ಇರುವುದಿಲ್ಲ. ತರಗತಿಯಲ್ಲಿ ತೋರಿಸಬೇಕೆಂದರೆ ಒಂದು ಗೆಣಸನ್ನು ಕತ್ತರಿಸಿ ಅಯೋಡಿನ್ ಹನಿಸಿರಿ. ನೀಲಿಗಪ್ಪಾಗುವ ಆ ಪಿಷ್ಟವೇ ಮುತ್ತಲದ ಬೇರಿನಲ್ಲಿಯೂ ಇರುವುದು. ನೀರಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಮೇಲಿನ ಅಡಿ ಎರಡಡಿ ಮಣ್ಣು ಒಣಗಿ ಪುಡಿಯಾಗಿದ್ದರೂ ಅದರ ಕೆಳಗೆ ಹಿಂದಿನ ಮಳೆಗಾಲದ ಹಸಿ ಇನ್ನೂ ಉಳಿದಿರುತ್ತದೆ. ಎಲೆ ಉದುರಿಸಿ ತಿಂಗಳುಗಟ್ಟಲೆ ನಿಂತಿದ್ದ ಗಿಡ ಆ ಹಸಿಯನ್ನು ಅಷ್ಟಾಗಿ ಬಳಸಿರುವುದಿಲ್ಲ, ಮತ್ತು ಅಷ್ಟು ದೊಡ್ಡ ಬೇರಿಗೆ ನಾಲ್ಕು ಎಲೆಗಳ ಬಾಯಾರಿಕೆ ತಣಿಸುವುದು ಭಾರವಾಗುವುದಿಲ್ಲ. ಅಶ್ವಿನಿ, ಭರಣಿ ಮಳೆಗಳಿಗಾಗಿ ಅದು ಕಾಯಬೇಕಾಗಿಲ್ಲ. ಮಳೆ ಬಂದಾಗ ಎಲೆ ಸಿದ್ಧವಾಗಿರಲೆಂದೇ ಅದು ಮುಂಚಿತವಾಗಿ ಚಿಗುರುತ್ತದೆ.

ಇದರಲ್ಲಿ ಒಂದು ಕಷ್ಟವೂ ಇದೆ. ಗಿಡದ ನೆತ್ತಿ ಜ್ವಾಲೆಯ ಎತ್ತರವನ್ನು, ಎಂದರೆ ಸುಮಾರು ಎರಡರಿಂದ ಮೂರು ಮೀಟರನ್ನು, ದಾಟುವವರೆಗೆ ಪ್ರತಿ ಬೆಂಕಿಯೂ ಅದನ್ನು ನೆಲಕ್ಕೆ ತರುತ್ತದೆ. ಬೆಂಕಿ ಬೀಳದ ಮೂರು ನಾಲ್ಕು ವರ್ಷ ಒಟ್ಟಿಗೆ ಸಿಕ್ಕಿದರೆ ಮಾತ್ರ, ಬೇರಿನಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದು ಅದು ಒಮ್ಮೆಲೇ ಮೇಲೇರಿ, ದಪ್ಪ ತೊಗಟೆ ಕಟ್ಟಿಕೊಂಡು ಮರವಾಗುತ್ತದೆ. ಅಲ್ಲಿಯವರೆಗೆ ಅದು ಮೊಣಕಾಲೆತ್ತರದ ಮುದುಕ. ಹೊನ್ನೆಯ ಸಸಿಗಳು ಎಳವೆಯಲ್ಲಿ ಹೀಗೆ ವರ್ಷ ವರ್ಷ ಒಣಗಿ ಮತ್ತೆ ಚಿಗುರುವುದನ್ನು ಅರಣ್ಯ ಇಲಾಖೆಯವರು ಬಹು ಹಿಂದಿನಿಂದ ಬಲ್ಲರು. ಸಾಗವಾನಿಯ ನರ್ಸರಿಗಳಲ್ಲಿ ಈ ಗುಣವನ್ನೇ ಕೆಲಸಕ್ಕೆ ಹಚ್ಚಿದ್ದಾರೆ: ಒಂದು ವರ್ಷದ ಸಸಿಯನ್ನು ಕಿತ್ತು, ಕಾಂಡವನ್ನು ಬುಡದಿಂದ ಒಂದಿಂಚು ಬಿಟ್ಟು ಕತ್ತರಿಸಿ, ಬೇರನ್ನೂ ಗೇಣುದ್ದಕ್ಕೆ ಮೊಟಕುಗೊಳಿಸಿ, ‘ಸ್ಟಂಪ್’ ಎಂಬ ಹೆಸರಿನಲ್ಲಿ ಕಟ್ಟು ಕಟ್ಟಿ ಕಳಿಸುತ್ತಾರೆ. ಒಣಕಟ್ಟಿಗೆಯಂತೆ ಕಾಣುವ ಆ ತುಂಡು ಮಳೆಗೆ ಚಿಗುರುತ್ತದೆ. ಕಲಘಟಗಿ ಕಡೆಯ ಸಾಗವಾನಿ ನೋಡಿದವರಿಗೆ ಇದು ಹೊಸದಲ್ಲ.

ಎಡೆಬಿಡದ ಹುಲ್ಲುಹಾಸು, ನಡುನಡುವೆ ಮರ, ನಾಲ್ಕು ತಿಂಗಳ ಮಳೆ, ಉಳಿದಂತೆ ಒಣಗಾಲ: ಇಂಥ ನೆಲಕ್ಕೆ ಸವಾನ್ನಾ ಎನ್ನುತ್ತಾರೆ. ಭೂಮಿಯ ನೆಲಭಾಗದಲ್ಲಿ ಇದರ ಪಾಲು ಸುಮಾರು ಐದರಲ್ಲಿ ಒಂದು. ಪಠ್ಯಪುಸ್ತಕದಲ್ಲಿ ಅದರ ಪಕ್ಕದಲ್ಲಿ ಸಿಂಹ, ಜೀಬ್ರಾಗಳ ಚಿತ್ರವಿರುವುದರಿಂದ ಸವಾನ್ನಾ ಆಫ್ರಿಕಾದಲ್ಲಿ ಮಾತ್ರ ಇರುವಂಥದ್ದೆಂದು ನಾವು ತಿಳಿದುಕೊಂಡಿದ್ದೇವೆ, ಕಪ್ಪತಗುಡ್ಡದ ಹುಲ್ಲಿನ ಇಳಿಜಾರುಗಳನ್ನು ಮಾತ್ರ ‘ಹಾಳಾದ ಕಾಡು’ ಎಂದು ಬರೆದು ಮುಗಿಸುತ್ತೇವೆ. ಬೇರುಗಳನ್ನು ನೋಡಿದರೆ ಹಾಗೆ ಬರೆಯಲು ಕೈ ಬಾರದು.

ಈ ಬೇರಿನ ಜಾಣ್ಮೆ ತುತ್ತತುದಿಗೆ ಮುಟ್ಟಿರುವುದು ಆಫ್ರಿಕಾ ಮತ್ತು ಬ್ರೆಜಿಲ್‌ಗಳಲ್ಲಿ. ಅಲ್ಲಿನ ಕೆಲವು ಗಿಡಗಳು ಮರವಾಗುವ ಹಂಬಲವನ್ನೇ ಬಿಟ್ಟುಕೊಟ್ಟು, ಕಾಂಡ ಕೊಂಬೆಗಳನ್ನೆಲ್ಲ ನೆಲದೊಳಗೆ ಹರಡಿ, ಎಲೆ ಹೂಗಳನ್ನು ಮಾತ್ರ ಪಾದದೆತ್ತರಕ್ಕೆ ಹೊರಚಾಚುತ್ತವೆ. 1976ರಲ್ಲಿ ಫ್ರ್ಯಾಂಕ್ ವೈಟ್ ಎಂಬ ಸಸ್ಯವಿಜ್ಞಾನಿ ಇವುಗಳನ್ನು ಆಫ್ರಿಕಾದ ನೆಲದಡಿಯ ಕಾಡುಗಳೆಂದು ಕರೆದರು. ನಮಗೆ ಪರಿಚಯವಿರುವ ಗೋಡಂಬಿಯ ದಾಯಾದಿಯೊಂದು ಬ್ರೆಜಿಲ್‌ನ ಸೆರಾಡೊ ಬಯಲಿನಲ್ಲಿ ಹೀಗೆ ಬದುಕುತ್ತದೆ: ಗೋಡಂಬಿಯಂಥದೇ ಹಣ್ಣು, ಅದರ ತುದಿಯಲ್ಲಿ ಅಂಥದೇ ಬೀಜ, ಆದರೆ ಮರ ಹತ್ತುವ ಬದಲು ಬಗ್ಗಿ ಕೊಯ್ಯಬೇಕು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಸೆರಾಡೊದ ಇಂಥ ವಂಶಗಳು ಕವಲೊಡೆದದ್ದು ಕಳೆದ 1 ಕೋಟಿ ವರ್ಷಗಳೊಳಗೆ, ಬಹುಪಾಲು 40 ಲಕ್ಷ ವರ್ಷಗಳಿಂದೀಚೆಗೆ, ಎಂದು ಗೊತ್ತಾಗಿದೆ. ಬಿಸಿನಾಡಿನ ಎತ್ತರದ ಹುಲ್ಲುಗಳು ಹರಡಿ, ಅವುಗಳೊಂದಿಗೆ ಬೆಂಕಿಯೂ ಪದೇ ಪದೇ ಬರತೊಡಗಿದ ಕಾಲ ಅದು. ಮನುಷ್ಯ ಬೆಂಕಿಪೆಟ್ಟಿಗೆ ಹಿಡಿಯುವ ಎಷ್ಟೋ ಮೊದಲೇ ಸಿಡಿಲು ಆ ಕೆಲಸ ಮಾಡುತ್ತಿತ್ತು.

ನಮ್ಮ ಗುಡ್ಡಗಳಲ್ಲಿ ಗೆಡ್ಡೆಯ ದಾರಿ ಹಿಡಿದ ಗಿಡಗಳೂ ಇವೆ. ಶತಾವರಿಯನ್ನು ಅಗೆದವರಿಗೆ ಅದರ ಕನ್ನಡದ ಹೆಸರು ಏಕೆ ‘ಹಲವು ಮಕ್ಕಳ ತಾಯಿ’ ಎಂದಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬುಡಕ್ಕೆ ಹತ್ತಾರು ಬೆರಳುಗೆಡ್ಡೆಗಳು ಜೋತುಬಿದ್ದಿರುತ್ತವೆ, ಒಂದೊಂದರಲ್ಲಿಯೂ ನೀರು ಮತ್ತು ಆಹಾರ. ಕಾಡು ಈರುಳ್ಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲೆಯೇ ಇಲ್ಲದ ಕಡುಬೇಸಿಗೆಯಲ್ಲಿ ಬರಿಯ ಹೂದಂಟನ್ನು ಮೇಲೆ ಕಳಿಸುತ್ತದೆ.

ಪ್ರಶ್ನೆ: ನಮ್ಮದು ಎರಿ ಹೊಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬಿಟ್ಟು ಕರಿಕೆಯೂ ಒಣಗಿಹೋಗುತ್ತದೆ. ಆದರೆ ಬದುವಿನ ಬನ್ನಿ ಗಿಡ ಅದೇ ಬಿಸಿಲಿನಲ್ಲಿ ಹಸಿರಾಗಿ ನಿಂತಿರುತ್ತದೆ. ಅದರ ಬೇರು ಎಷ್ಟು ಆಳಕ್ಕೆ ಹೋಗಿರಬಹುದು? ಅದು ನಮ್ಮ ಪೈರಿನ ನೀರನ್ನು ಕದಿಯುವುದಿಲ್ಲವೆ?
(ರೈತರು, ಅಣ್ಣಿಗೇರಿ)

ಉತ್ತರ: ನಿಮ್ಮ ಬನ್ನಿಯನ್ನು ಅಗೆದು ನೋಡದೆ ಅಡಿಯ ಲೆಕ್ಕ ಹೇಳಲಾರೆನಾದರೂ, ಇಂಥ ಮರಗಳು ಎಲ್ಲಿಯವರೆಗೆ ಇಳಿಯಬಲ್ಲವು ಎಂಬುದಕ್ಕೆ ಎರಡು ದಾಖಲೆಗಳಿವೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ, ಕಲಹಾರಿಯ ನಡುಭಾಗದಲ್ಲಿ ಕೊರೆದ ಬೋರ್‌ವೆಲ್ ಒಂದರಲ್ಲಿ, ಬೋಸಿಯಾ ಎಂಬ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಅದು 220 ಅಡಿಗಿಂತ ಹೆಚ್ಚು. ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಕಂಡ ಬೇರು ನಮ್ಮ ಬಳ್ಳಾರಿ ಜಾಲಿಯ ಕುಲದ ಮರದ್ದು. ಬನ್ನಿ ಈ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಇವು ದಾಖಲೆಗಳು, ದಿನನಿತ್ಯದ ಮಾತಲ್ಲ. ಆಳದ ಬೇರುಳ್ಳ ಮರದಲ್ಲಿಯೂ ಸಣ್ಣ ಬೇರುಗಳ ಬಹುಪಾಲು ಮೇಲಿನ ಮಣ್ಣಿನಲ್ಲಿಯೇ ಇರುತ್ತದೆ, ಕೆಳಕ್ಕೆ ಇಳಿಯುವುದು ಕೆಲವೇ ಬೇರುಗಳು. ಆದರೆ ಬೇಸಿಗೆಯಲ್ಲಿ ಮರದ ಜೀವ ಉಳಿಯುವುದು ಆ ಕೆಲವೇ ಬೇರುಗಳಿಂದ.

ಹುಲ್ಲು ಮೇಲಿನ ನೀರನ್ನೂ ಮರ ಕೆಳಗಿನ ನೀರನ್ನೂ ಕುಡಿಯುವುದರಿಂದ ಸವಾನ್ನಾದಲ್ಲಿ ಎರಡೂ ಒಟ್ಟಿಗೆ ಬದುಕುತ್ತವೆ ಎಂಬ ವಾದವನ್ನು ಜರ್ಮನಿಯ ಹೈನ್ರಿಖ್ ವಾಲ್ಟರ್ 1939ರಲ್ಲಿಯೇ ಮುಂದಿಟ್ಟಿದ್ದರು. ಅದರಲ್ಲಿ ಸತ್ಯಾಂಶವಿದೆ, ಆದರೆ ಅಷ್ಟೇ ಪೂರ್ತಿ ಸತ್ಯವಲ್ಲ. ಎಳೆಯ ಮರ ಹುಲ್ಲಿನೊಂದಿಗೆ ಅದೇ ಮೇಲ್ಮಣ್ಣಿನ ನೀರಿಗೆ ಜಗಳವಾಡಲೇಬೇಕು, ಮತ್ತು ಬಹುಪಾಲು ಸಲ ಸೋಲುವುದು ಮರದ ಸಸಿಯೇ. ಅಲ್ಲದೆ ಬೇರು ನೀರನ್ನು ಮೇಲಕ್ಕೆ ಮಾತ್ರ ಒಯ್ಯುವ ಕೊಳವೆಯೂ ಅಲ್ಲ. ರಾತ್ರಿ ಎಲೆಯ ರಂಧ್ರಗಳು ಮುಚ್ಚಿದಾಗ, ಕೆಳಗಿನ ಹಸಿಮಣ್ಣಿನಿಂದ ಬೇರಿನೊಳಕ್ಕೆ ಬಂದ ನೀರು ಮೇಲಿನ ಒಣಮಣ್ಣಿಗೆ ಬೇರಿನಿಂದಲೇ ಸೋರುತ್ತದೆ. ಇದನ್ನು 1987ರಲ್ಲಿ ಅಮೆರಿಕದ ಒಣನಾಡಿನ ಒಂದು ಪೊದೆಯಲ್ಲಿ ಅಳೆದು ತೋರಿಸಿದರು; ಆಮೇಲೆ ಆಫ್ರಿಕಾದ ಜಾಲಿಯಲ್ಲಿಯೂ ಕಂಡಿತು. ಮರ ಪಕ್ಕದ ಹುಲ್ಲಿಗೆ ನೀರುಣಿಸುತ್ತದೆ ಎಂದು ಇದನ್ನು ಪುಣ್ಯದ ಕತೆಯಾಗಿ ಹೇಳುವವರಿದ್ದಾರೆ. ಆದರೆ ಟಾಂಜಾನಿಯಾದಲ್ಲಿ ಜಾಲಿಯ ಬೇರುಗಳನ್ನು ಹುಲ್ಲಿನಿಂದ ಬೇರ್ಪಡಿಸಿ ನೋಡಿದಾಗ ಹುಲ್ಲು ಇನ್ನಷ್ಟು ಚೆನ್ನಾಗಿ ಬೆಳೆಯಿತು. ಎಂದರೆ ಮರ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು.

ಹಾಗೆಂದು ಬನ್ನಿಯನ್ನು ಕಡಿಯಬೇಡಿರಿ. ಅದು ಮುಖ್ಯವಾಗಿ ಆಳದ ನೀರನ್ನು ನೆಚ್ಚಿಕೊಂಡ ಮರ, ದ್ವಿದಳದ ಕುಲದ್ದು, ನೆರಳೂ ವಿರಳ. ರಾಜಸ್ಥಾನದ ರೈತರು ಅದನ್ನು ಹೊಲದ ನಡುವೆಯೇ ಉಳಿಸಿಕೊಂಡು ಸಜ್ಜೆ ಬೆಳೆಯುತ್ತಾರೆ. ದಸರೆಯಲ್ಲಿ ‘ಬಂಗಾರ’ ಹಂಚಲು ಒಂದಾದರೂ ಗಿಡ ಬೇಡವೆ?

ನಿಮ್ಮ ಕರಿಕೆಯ ಬಗ್ಗೆ ಎರಡು ಮಾತು. ಅದು ಒಣಗಿದ್ದು ತೋರಿಕೆಗೆ ಮಾತ್ರ. ನೆಲದೊಳಗೆ ಹರಡಿರುವ ಅದರ ಬಿಳಿಯ ಎಳೆಗಳು ನಿಜವಾಗಿ ಬೇರಲ್ಲ, ಗಂಟುಗಂಟಾದ ಕಾಂಡ. ಪ್ರತಿ ಗಂಟಿನಲ್ಲಿಯೂ ಒಂದು ಮೊಗ್ಗು. ನಮ್ಮ ತಂದೆಯವರ ಕಾಲದಲ್ಲಿ ಬೇಸಿಗೆಯಲ್ಲಿ ಆಳುಗಳು ಸಾಲಾಗಿ ನಿಂತು ಗುದ್ದಲಿಯಿಂದ ಮೊಣಕಾಲಾಳಕ್ಕೆ ಹೆಂಟೆಗಳನ್ನು ಎಬ್ಬಿಸಿ, ಕರಿಕೆಯನ್ನು ಆರಿಸಿ ಬದುವಿಗೆ ಹಾಕುತ್ತಿದ್ದರು. ಹೊಲಕ್ಕೆ ಬೆಂಕಿ ಹಚ್ಚಿ ಕರಿಕೆ ಕಳೆದೆನೆಂದು ಹೇಳಿದ ಒಬ್ಬ ರೈತನನ್ನೂ ನಾನು ಕಂಡಿಲ್ಲ.

ಪ್ರಶ್ನೆ: ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳು ಆಫ್ರಿಕಾದವು ಎನ್ನುತ್ತಾರೆ. ಅಷ್ಟು ದಪ್ಪ ಮರಕ್ಕೆ ಬೇರು ಅಷ್ಟೇ ಆಳವಿರಬೇಕಲ್ಲವೆ?
(ಪದವಿ ವಿದ್ಯಾರ್ಥಿ, ಸವಣೂರು)

ಉತ್ತರ: ಇಲ್ಲ, ಇದು ಮೇಲಿನ ಮಾತುಗಳಿಗೆಲ್ಲ ಅಪವಾದ. ದೊಡ್ಡಹುಣಸೆ, ಎಂದರೆ ಬಾವೋಬಾಬ್, ಆಫ್ರಿಕಾದ ಸವಾನ್ನಾದ ಮರವೇ ಹೌದು. ಎಳೆಯ ಸಸಿಗೆ ಗೆಡ್ಡೆಯಂಥ ತಾಯಿಬೇರಿರುತ್ತದೆ; ಆಫ್ರಿಕಾದ ಕೆಲವು ಕಡೆ ಅದನ್ನು ತರಕಾರಿಯಂತೆ ತಿನ್ನುವುದೂ ಉಂಟು. ಬೆಳೆದ ಮರದ ಬೇರುಗಳು ಮಾತ್ರ ಸಾಮಾನ್ಯವಾಗಿ ಎರಡು ಮೀಟರಿಗಿಂತ ಕೆಳಗೆ ಹೋಗದೆ, ಮರದ ಎತ್ತರಕ್ಕಿಂತಲೂ ದೂರಕ್ಕೆ ಅಡ್ಡಲಾಗಿ ಹರಡಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹೀರಿಕೊಳ್ಳುತ್ತವೆ. ಕೂಡಿಡುವ ಜಾಗ ಕಾಂಡ; ಅದರ ಮೆತ್ತನೆಯ ಕಟ್ಟಿಗೆಯ ತೂಕದಲ್ಲಿ ಹೆಚ್ಚಿನದು ನೀರೇ. ಹೀಗಾಗಿ ಇಂಥ ಮರದ ಸುತ್ತ ನೆಲವನ್ನು ಗಟ್ಟಿಮಾಡುವುದು, ಫರ್ಶಿ ಹಾಕುವುದು, ಅದರ ಬಾಯಿಗೆ ಬಟ್ಟೆ ತುರುಕಿದಂತೆ.

ಪ್ರಶ್ನೆ: ಬೇರಿಗೆ ಬೆಂಕಿ ತಟ್ಟುವುದಿಲ್ಲವಾದರೆ, ಕುರಿಗಳಿಗೆ ಹೊಸ ಹುಲ್ಲು ಬರಲೆಂದು ಗಾಯರಾಣಕ್ಕೆ ಬೆಂಕಿ ಹಚ್ಚುವುದರಲ್ಲಿ ತಪ್ಪೇನು? ಇನ್ನೊಂದು ವಿಷಯ: ನಮ್ಮ ಯುವಕ ಸಂಘದಿಂದ ಈ ಮಳೆಗಾಲ ಅದೇ ಗಾಯರಾಣದಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿ ಗಿಡ ಹಚ್ಚಬೇಕೆಂದಿದ್ದೇವೆ. ಯಾವ ಗಿಡ ಒಳ್ಳೆಯದು?
(ಯುವಕ ಸಂಘದ ಕಾರ್ಯದರ್ಶಿ, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ಬೆಂಕಿಯ ಬಗ್ಗೆ ಮೊದಲು ಕಾನೂನಿನ ಮಾತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ನಿಮ್ಮ ತಾಲ್ಲೂಕಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಕಾನೂನಿನ ಆಚೆಗೂ ಕಾರಣಗಳಿವೆ. ಬೇರು ಒಂದು ಬೆಂಕಿಯಿಂದ ಸಾಯುವುದಿಲ್ಲ ಎಂದರೆ ಪ್ರತಿ ವರ್ಷದ ಬೆಂಕಿಯಿಂದಲೂ ಅದಕ್ಕೆ ನಷ್ಟವಿಲ್ಲ ಎಂದಲ್ಲ. ಪ್ರತಿ ಚಿಗುರೂ ಹಗೇವಿನಿಂದ ತೆಗೆದ ಕಾಳು. ತುಂಬಿಕೊಳ್ಳಲು ಒಂದೆರಡು ಮಳೆಗಾಲ ಬಿಡದೆ ತೆಗೆಯುತ್ತಲೇ ಹೋದರೆ ಬೇರು ಬರಿದಾಗುತ್ತದೆ. ಅದರಲ್ಲಿಯೂ ಹುಲ್ಲು ಪೂರ್ತಿ ಒಣಗಿದ ಏಪ್ರಿಲ್ ತಿಂಗಳಿನ ಬೆಂಕಿ ಹೆಚ್ಚು ಬಿಸಿ, ಮತ್ತು ಸುಟ್ಟು ಬೋಳಾದ ಇಳಿಜಾರಿನ ಮೇಲೆ ಮುಂಗಾರಿನ ಮೊದಲ ದಪ್ಪ ಹನಿಗಳು ಬಿದ್ದಾಗ ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಗತಿ ಹೇಳಬೇಕಾಗಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ 1954ರಿಂದ ಇಂದಿನವರೆಗೆ ಗುರುತು ಹಾಕಿದ ತುಂಡುಗಳನ್ನು ಬೇರೆ ಬೇರೆ ಅವಧಿಗೊಮ್ಮೆ, ಬೇರೆ ಬೇರೆ ಕಾಲದಲ್ಲಿ ಸುಡುತ್ತಾ, ಕೆಲವನ್ನು ಸುಡದೆ ಬಿಟ್ಟು ನೋಡುತ್ತಿದ್ದಾರೆ. ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಿ ಎಂದು ಅಲ್ಲಿ ಕೇಳುತ್ತಾರೆ. ಯಾರೋ ಒಬ್ಬರು ಬೀಡಿ ಹಚ್ಚಿದ ಕಡ್ಡಿಯನ್ನು ಎಸೆದು ಹೋಗುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಪ್ರಶ್ನೆಗೆ ನಾನು ಗಿಡದ ಹೆಸರು ಹೇಳುವುದಿಲ್ಲ, ನಿಮಗೆ ಬೇಸರವಾಗಬಹುದು. ಬೆಂಕಿಗೆ ಸಿಗದೆ ಉಳಿದ ಮೊಳದಾಳದ ಭಾಗವನ್ನೇ ಜೆಸಿಬಿಯ ಬಕೆಟ್ಟು ಎತ್ತಿ ಹಾಕುತ್ತದೆ. ಮುತ್ತಲದ ಬೇರಿನ ಗಂಟು, ಶತಾವರಿಯ ಬುಡ, ಹುಲ್ಲಿನ ದಿಂಡು, ಎಲ್ಲವೂ ಇರುವುದು ಅಲ್ಲಿಯೇ. ಹುಲ್ಲುಗಾವಲಿನ ಜೀವರಾಶಿಯ ಅರ್ಧಕ್ಕಿಂತ ಹೆಚ್ಚು ಪಾಲು ನೆಲದಡಿ ಇರುವುದರಿಂದ, ಒಂದು ಟ್ರೆಂಚು ಹೊಡೆದರೆ ಹತ್ತು ಬೇಸಿಗೆಯ ಬೆಂಕಿಗಿಂತ ಹೆಚ್ಚು ಹಾನಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬ್ರೆಜಿಲ್‌ನಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ ಒಮ್ಮೆ ಉತ್ತು ಬಿಟ್ಟ ಹಳೆಯ ಹುಲ್ಲುಗಾವಲುಗಳಿಗೆ ಕೆಲವು ಜಾತಿಯ ಹುಲ್ಲು ಬೇಗ ಮರಳಿ ಬಂದರೂ, ಗೆಡ್ಡೆ ಗಂಟುಗಳ ಗಿಡಗಳು ದಶಕಗಳು ಕಳೆದರೂ ಮರಳಿಲ್ಲ. ನಿಮ್ಮ ಅಭಯಾರಣ್ಯದ ಸುಮಾರು 119 ಚದರ ಕಿಲೋಮೀಟರಿನಲ್ಲಿ ನೀಲಗಿರಿ ನೆಟ್ಟಿರುವ ಭಾಗವನ್ನು ಒಮ್ಮೆ ನಡೆದು ನೋಡಿರಿ. ನೀಲಗಿರಿಯೂ ಆಸ್ಟ್ರೇಲಿಯಾದ ಬೆಂಕಿಯಲ್ಲಿ ಪಳಗಿದ ಮರವೇ. ಬುಡದಲ್ಲಿ ಮರಗಂಟು ಕಟ್ಟಿಕೊಂಡು, ಎಷ್ಟು ಸಲ ಕಡಿದರೂ ಚಿಗುರುತ್ತದೆ. ಆದರೆ ಅದರ ಕೆಳಗೆ ಹುಲ್ಲು ಎಷ್ಟಿದೆ, ಬಯಲಿನಲ್ಲಿ ಎಷ್ಟಿದೆ, ಕೃಷ್ಣಮೃಗ ಎಲ್ಲಿ ಮೇಯುತ್ತಿದೆ ಎಂಬುದನ್ನು ನೀವೇ ನೋಡಬಹುದು.

ಗಿಡ ಹಚ್ಚಲೇಬೇಕೆಂದಿದ್ದರೆ ಈಗಾಗಲೇ ಉತ್ತ ನೆಲ, ರಸ್ತೆಯ ಬದಿ, ಶಾಲೆಯ ಅಂಗಳ ಆರಿಸಿಕೊಳ್ಳಿರಿ. ಗಾಯರಾಣಕ್ಕೆ ಯಂತ್ರ ಬೇಡ. ಮೃಗಶಿರಾ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಸಂಘದ ಹುಡುಗರನ್ನು ಕರೆದುಕೊಂಡು ಅಲ್ಲಿ ನಡೆಯಿರಿ; ಒಂದೇ ಬುಡದಿಂದ ಮೂರು ನಾಲ್ಕು ಚಿಗುರು ಎದ್ದಿರುವ, ಪಕ್ಕದಲ್ಲಿ ಕರಿ ಮೊಂಡು ಉಳಿದಿರುವ ಸಸಿ ಕಂಡಲ್ಲೆಲ್ಲ ಒಂದು ಗೂಟ ಹೊಡೆಯಿರಿ. ಪ್ರತಿ ಗೂಟದ ಬಳಿ ಗಟ್ಟಿಯಾದ ಒಂದೇ ಚಿಗುರು ಉಳಿಸಿ ಮಿಕ್ಕವನ್ನು ಕತ್ತರಿಯಿಂದ ತೆಗೆದು, ಸುತ್ತ ಒಂದು ಮಾರು ಹುಲ್ಲು ಕೊಯ್ದು, ಮೂರು ವರ್ಷ ಅಲ್ಲಿಗೆ ಬೆಂಕಿ ಬಾರದಂತೆ ನೋಡಿಕೊಳ್ಳಿರಿ. ಎಷ್ಟು ಗೂಟ ಬೇಕಾದವೆಂದು ದೀಪಾವಳಿಯ ನಂತರ ಬರೆದು ತಿಳಿಸಿದರೆ ಈ ಅಂಕಣದಲ್ಲಿ ಪ್ರಕಟಿಸುತ್ತೇನೆ.